ಹಳೆ ಚಕ್ರ, ಹೊಸ ಫ್ರೇಮ್: ಎಂಟಿಬಿ ವೀಲನ್ನು ಬೂಸ್ಟ್ ಫ್ರೇಮಿಗೆ ಕೂರಿಸುವ ಬಗೆ

ಎಂಟಿಬಿಗೆ, ಅಂದರೆ ಮೌಂಟನ್ ಬೈಕಿಗೆ, ಹೊಸ ಫ್ರೇಮ್ ಮನೆಗೆ ಬಂದ ಮೇಲೆ ಹಳೆ ಚಕ್ರ ಅದಕ್ಕೆ ಕೂರುವುದಿಲ್ಲ ಅಂತ ಗೊತ್ತಾದರೆ ಹೆಚ್ಚಿನವರು ಚಕ್ರವನ್ನು ಅಟ್ಟಕ್ಕೆ ಹಾಕಿಬಿಡುತ್ತಾರೆ. ಒಳ್ಳೆ ಹಬ್ (ಚಕ್ರದ ನಡುವಿನ ಗುಂಬ) ಇರುವ ಚಕ್ರವನ್ನು ಹಾಗೆ ಬಿಡುವುದು ನನಗೆ ಸರಿ ಕಾಣುವುದಿಲ್ಲ. ಹಬ್ಬಿನಲ್ಲಿ ಸವೆಯುವುದು ಬೇರಿಂಗ್, ಸೀಲ್, ಹಿಂದಿನ ಹಲ್ಲುಚಕ್ರ ಕೂರುವ ಫ್ರೀಹಬ್ಬಿನ ಪಾಲ್ (ಕಚ್ಚಿ ಹಿಡಿಯುವ ಸಣ್ಣ ಕೊಕ್ಕೆ). ಇವೆಲ್ಲ ಬದಲಾಯಿಸಬಹುದಾದ ವಸ್ತುಗಳು. ಹೊರಗಿನ ಅಲ್ಯೂಮಿನಿಯಂ ಬಾಡಿ ಬಿರುಕು ಬಿಡದಿದ್ದರೆ ಇನ್ನೂ ಎಷ್ಟೋ ವರ್ಷ ಓಡುತ್ತದೆ. ಫ್ರೇಮಿನ ಅಗಲ ಆರು ಮಿಲಿಮೀಟರ್ ಬದಲಾಯಿತು ಅಂತ ಗಟ್ಟಿ ಚಕ್ರವನ್ನು ಮೂಲೆಗೆ ಹಾಕಬೇಕಾಗಿಲ್ಲ.

ನಾನು ಕೊಡಗಿನ ಸುಂಟಿಕೊಪ್ಪದ ಕಡೆಯವನು. ಕಾಫಿ ತೋಟಗಳ ಪಲ್ಪರ್ (ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ), ಪಂಪ್‌ಸೆಟ್ ರಿಪೇರಿ ನನ್ನ ಕೆಲಸ. ಸೈಕಲ್ ಕೆಲಸಕ್ಕೆ ಪಲ್ಪರ್ ಶೆಡ್ಡಿನ ಮೂಲೆಯಲ್ಲಿ ಒಂದು ಬೆಂಚ್ ಇಟ್ಟುಕೊಂಡಿದ್ದೇನೆ. ಪೊನ್ನಂಪೇಟೆಯಲ್ಲಿ ಓದುವ ತಮ್ಮನ ಮಗಳು ಈಚೆಗೆ ಒಂದು ಹಾರ್ಡ್‌ಟೇಲ್ (ಹಿಂದೆ ಸಸ್ಪೆನ್ಷನ್ ಇಲ್ಲದ) ಫ್ರೇಮ್ ತಂದಳು. ಹಿಂದೆ 12x148, ಮುಂದಿನ ಫೋರ್ಕ್ 15x110. ಮೊದಲ ಅಂಕಿ ಆಕ್ಸಲಿನ ದಪ್ಪ, ಎರಡನೆಯದು ಹಬ್ ಕೂರುವ ಅಗಲ, ಎರಡೂ ಮಿ.ಮೀ.ನಲ್ಲಿ; ಈ ಅಗಲದ ಅಳತೆಗೇ ಬೂಸ್ಟ್ ಅನ್ನುವುದು. ಅವಳ ಹತ್ತಿರ ಇದ್ದ ಚಕ್ರ 27.5 ಇಂಚಿನದು, ಹೋಪ್ ಪ್ರೊ 2 ಇವೊ ಹಬ್, ಹಿಂದೆ 142, ಮುಂದೆ 100. "ದೊಡ್ಡಪ್ಪ, ಎರಡು ಕಡೆ ಮೂರು ಮೂರು ಮಿಲಿಮೀಟರ್ ವಾಷರ್ ಹಾಕಿದ್ರೆ ಆಯ್ತಲ್ವಾ?" ಅಂತ ಕೇಳಿದಳು. ತುಂಬಾ ಜನ ಕೇಳುವ ಪ್ರಶ್ನೆ ಅದು. ಆ ಕೆಲಸವನ್ನೇ ಹಿಡಿದುಕೊಂಡು ಇಲ್ಲಿ ಹೇಳುತ್ತೇನೆ.

ವಾಷರ್ ಹಾಕಿದರೆ ಆಕ್ಸಲ್ ಕೂರುತ್ತದೆ, ಅಷ್ಟೇ. ಚಕ್ರದಲ್ಲಿ ಮೂರು ವಿಷಯ ಒಟ್ಟಿಗೆ ಸರಿ ಬರಬೇಕು. ರಿಮ್ ಫ್ರೇಮಿನ ನಟ್ಟ ನಡುವೆ ಇರಬೇಕು. ಡಿಸ್ಕ್ ಬ್ರೇಕ್ ಕ್ಯಾಲಿಪರಿನ (ಪ್ಯಾಡ್ ಇರುವ ಭಾಗ) ಸೀಳಿನ ನಡುವೆ ಓಡಬೇಕು. ಕ್ಯಾಸೆಟ್ (ಹಿಂದಿನ ಹಲ್ಲುಚಕ್ರಗಳ ಗೊಂಚಲು) ಗೇರ್ ಬದಲಿಸುವ ಡಿರೈಲರಿಗೂ ಚೈನಿಗೂ ಸರಿಯಾದ ಜಾಗದಲ್ಲಿರಬೇಕು. ಅಗಲ ತುಂಬಿಸಿ ಉಳಿದದ್ದನ್ನು ಮರೆತರೆ ಚಕ್ರ ತಿರುಗುತ್ತದೆ, ಆದರೆ ಡಿಸ್ಕ್ ಕ್ಯಾಲಿಪರಿಗೆ ತಾಗುತ್ತದೆ ಅಥವಾ ಬ್ರೇಕ್ ಪ್ಯಾಡ್ ಅರ್ಧಂಬರ್ಧ ಹಿಡಿಯುತ್ತದೆ. ಸಂಪಾಜೆ ಘಾಟಿಯಲ್ಲಿ ಇಳಿಯುವವರಿಗೆ ಅದು ಆಗಬಾರದ ವಿಷಯ.

ಅಗಲಗಳ ಲೆಕ್ಕ

ಹಳೆ ಎಂಟಿಬಿಗಳಲ್ಲಿ ಮುಂದೆ 100 ಮಿ.ಮೀ., ಹಿಂದೆ 135 ಮಿ.ಮೀ., ಎರಡೂ ಕ್ವಿಕ್ ರಿಲೀಸ್ (ಸನ್ನೆ ತಿರುಗಿಸಿ ಬಿಚ್ಚುವ ಬಗೆ). ಆಮೇಲೆ ದಪ್ಪ ಆಕ್ಸಲ್ ಬಂತು: ಮುಂದೆ 15x100, ಹಿಂದೆ 12x142. ಈ 142 ಕೇಳಿ ಹೆದರಬೇಡಿ. ಹಬ್ ಅದೇ 135ರದ್ದು. ಎಂಡ್ ಕ್ಯಾಪ್ (ಹಬ್ಬಿನ ತುದಿಗೆ ಕೂರುವ ಟೋಪಿ) ಎರಡು ಕಡೆಯೂ ಮೂರೂವರೆ ಮಿಲಿಮೀಟರ್ ಹೊರಗೆ ಚಾಚಿ ಫ್ರೇಮಿನ ಗುಳಿಯೊಳಗೆ ಕೂರುತ್ತದೆ. ಡಿಸ್ಕ್, ಕ್ಯಾಸೆಟ್ ಎರಡೂ ಇದ್ದಲ್ಲೇ ಇರುತ್ತವೆ. ಆದ್ದರಿಂದ ಎಂಡ್ ಕ್ಯಾಪ್ ಬದಲಾಯಿಸಲು ಬರುವ ಹಬ್ ಆದರೆ 135ರಿಂದ 142ಕ್ಕೆ ಹೋಗುವುದು ಸುಲಭ. ಬೇರೆ ಏನೂ ಮುಟ್ಟಬೇಕಾಗಿಲ್ಲ.

ಬೂಸ್ಟ್ ಹಾಗಲ್ಲ. 2014ರಲ್ಲಿ ಟ್ರೆಕ್ ಮತ್ತು ಸ್ರಾಮ್ ಅದನ್ನು ಹೊರತಂದಾಗ 29 ಇಂಚಿನ ಚಕ್ರ ಗಟ್ಟಿಯಾಗಲಿ ಅಂತ ಹಬ್ಬಿನ ಕಡ್ಡಿ ಹಿಡಿಯುವ ಫ್ಲಾಂಜುಗಳನ್ನೇ ದೂರ ಮಾಡಿದರು. ಹಿಂದೆ ಡಿಸ್ಕ್ 3 ಮಿ.ಮೀ. ಎಡಕ್ಕೆ ಹೋಯಿತು, ಕ್ಯಾಸೆಟ್ 3 ಮಿ.ಮೀ. ಬಲಕ್ಕೆ ಹೋಯಿತು. ಚೈನ್‌ಲೈನ್ (ಫ್ರೇಮಿನ ನಡುವಿನಿಂದ ಮುಂದಿನ ಚೈನ್‌ರಿಂಗಿಗೆ ಇರುವ ದೂರ) ಕೂಡ ಸುಮಾರು 52 ಮಿ.ಮೀ.ಗೆ ಸರಿಯಿತು. ಮುಂದಿನ ಚಕ್ರದಲ್ಲಿ ಎರಡು ಕಡೆಯೂ 5 ಮಿ.ಮೀ. ಜಾಸ್ತಿ ಆಯಿತು. ನಾವು ತುಂಬಿಸಬೇಕಾದ್ದು ಈ ವ್ಯತ್ಯಾಸಗಳನ್ನು.

ಮೊದಲು ಹಬ್ ನೋಡಿ

ಎಲ್ಲ ಹಬ್ಬಿಗೂ ಇದು ಆಗುವುದಿಲ್ಲ. ಬಿಡಿ ಗುಂಡು, ಕೋನ್ ಇರುವ ಹಳೆ ಶಿಮಾನೊ ಕ್ವಿಕ್ ರಿಲೀಸ್ ಹಬ್ ಇದ್ದರೆ ಅಲ್ಲಿಗೇ ನಿಲ್ಲಿಸಿ. ಅದರೊಳಗಿನ ಆಕ್ಸಲ್ 10 ಮಿ.ಮೀ. ದಪ್ಪದ ಕಬ್ಬಿಣದ ಕಂಬಿ. 12 ಮಿ.ಮೀ. ಆಕ್ಸಲ್ ಅದರಲ್ಲಿ ತೂರುವುದಿಲ್ಲ, ಕೊರೆದು ದೊಡ್ಡದು ಮಾಡಲೂ ಜಾಗವಿಲ್ಲ. ಆ ಚಕ್ರವನ್ನು ಹಳೆ ಫ್ರೇಮಿನಲ್ಲೇ ಓಡಿಸಿ.

ಕಾರ್ಟ್ರಿಜ್ ಬೇರಿಂಗ್ ಇದ್ದು, ಎಂಡ್ ಕ್ಯಾಪನ್ನು ಕೈಯಲ್ಲಿ ಎಳೆದರೆ ಕಳಚಿ ಬರುವ ಹಬ್ ಆದರೆ ದಾರಿ ಇದೆ. ಹೋಪ್ ಪ್ರೊ 2 ಇವೊ, ಪ್ರೊ 4, ಡಿಟಿ ಸ್ವಿಸ್ 240, 350 ಇಂಥವು. ಇವುಗಳಿಗೆ ಎಂಡ್ ಕ್ಯಾಪ್ ಸುಲಭವಾಗಿ ಸಿಗುತ್ತದೆ. ವುಲ್ಫ್ ಟೂತ್‌ನ ಬೂಸ್ಟಿನೇಟರ್‌ನಂಥ ಪೂರ್ತಿ ಕಿಟ್‌ಗಳೂ ಇವೆ. ಕಿಟ್ ಕೊಳ್ಳುವಾಗ ಹಬ್ಬಿನ ಹೆಸರು ಮಾತ್ರ ನೋಡಿದರೆ ಸಾಲದು. ಪ್ರೊ 2 ಮತ್ತು ಪ್ರೊ 2 ಇವೊ ಬೇರೆ ಬೇರೆ. ಹಬ್ ಮೇಲೆ ಬರೆದಿರುವುದನ್ನು ಮಣ್ಣು ಒರೆಸಿ ಓದಿ.

ವರ್ನಿಯರ್ (ಮಿ.ಮೀ.ನ ಭಾಗವನ್ನೂ ಅಳೆಯುವ ಉಪಕರಣ) ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬೇಡಿ. ಎಂಡ್ ಕ್ಯಾಪಿನಿಂದ ಎಂಡ್ ಕ್ಯಾಪಿಗೆ ಎಷ್ಟು, ಫ್ರೇಮಿನ ಡ್ರಾಪ್‌ಔಟ್ (ಆಕ್ಸಲ್ ಕೂರುವ ಜಾಗ) ಒಳಗಿನ ಅಗಲ ಎಷ್ಟು, ಡಿಸ್ಕ್ ಕೂರುವ ಮುಖದಿಂದ ಎಡ ತುದಿಗೆ ಎಷ್ಟು, ಈ ಮೂರನ್ನೂ ಒಂದು ಕಾಗದದಲ್ಲಿ ಬರೆದುಕೊಳ್ಳಿ. ಅಂಗಡಿಯವರು ಹೇಳಿದ್ದು, ಪೆಟ್ಟಿಗೆ ಮೇಲೆ ಬರೆದದ್ದು ಎಲ್ಲ ಆಮೇಲೆ.

ಇನ್ನೊಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. 148ರ ಫ್ರೇಮಿಗೆ 142ರ ಹಬ್ ಇಟ್ಟು, ಆಕ್ಸಲ್ ಬಿಗಿದು ಫ್ರೇಮನ್ನೇ ಒಳಕ್ಕೆ ಎಳೆಯಬೇಡಿ. ಅಲ್ಯೂಮಿನಿಯಂ ಆಗಲಿ ಕಾರ್ಬನ್ ಆಗಲಿ ಹಾಗೆ ಬಾಗಿಸಲು ಮಾಡಿದ್ದಲ್ಲ. ಬಿರುಕು ಮೊದಲು ಕಾಣುವುದೂ ಇಲ್ಲ.

ಹಿಂದಿನ ಚಕ್ರಕ್ಕೆ ಎರಡು ದಾರಿ

ಒಂದನೇ ದಾರಿ ಮಗಳು ಕೇಳಿದ್ದೇ. ಎರಡು ಕಡೆಯೂ 3 ಮಿ.ಮೀ. ಜಾಸ್ತಿ ಮಾಡಿ, ಡಿಸ್ಕಿನ ಕೆಳಗೆ 3 ಮಿ.ಮೀ. ಸ್ಪೇಸರ್ ಕೊಡುವುದು. ರಿಮ್ ನಡುವೆಯೇ ಇರುತ್ತದೆ, ಕಡ್ಡಿ ಮುಟ್ಟುವ ಕೆಲಸವಿಲ್ಲ. ಅರ್ಧ ಗಂಟೆಯ ಕೆಲಸ. ಆದರೆ ಕ್ಯಾಸೆಟ್ ಬೂಸ್ಟ್ ಫ್ರೇಮಿಗೆ ಇರಬೇಕಾದ ಜಾಗಕ್ಕಿಂತ 3 ಮಿ.ಮೀ. ಒಳಗೇ ಉಳಿಯುತ್ತದೆ. ಮುಂದಿನ ಚೈನ್‌ರಿಂಗ್ ಮಾತ್ರ ಹೊರಗಿದೆ. ಆಗ ಕ್ಯಾಸೆಟ್ಟಿನ ದೊಡ್ಡ ಹಲ್ಲಿಗೆ ಹಾಕಿದಾಗ ಚೈನ್ ಜಾಸ್ತಿ ಓರೆಯಾಗುತ್ತದೆ.

ಬಯಲು ಸೀಮೆಯಲ್ಲಿ ಓಡಿಸುವವರಿಗೆ ಇದು ದೊಡ್ಡ ವಿಷಯವಲ್ಲ. ನಮ್ಮಲ್ಲಿ ಮನೆಯಿಂದ ಹೊರಟರೆ ಗೇಟು ದಾಟುವುದರೊಳಗೆ ಏರು ಶುರು. ಮಾಂದಲಪಟ್ಟಿ ಕಡೆಗೋ ಕೋಟೆಬೆಟ್ಟದ ಕಡೆಗೋ ಹೋದರೆ ದೊಡ್ಡ ಹಲ್ಲಿನಲ್ಲೇ ಹೊತ್ತು ಕಳೆಯುತ್ತದೆ. ಅದೇ ಹಲ್ಲಿನಲ್ಲಿ ಚೈನ್ ಓರೆ ಇದ್ದರೆ ಕಿರ್ ಅಂತ ಸದ್ದು, ಬೇಗ ಸವೆತ, ಹಿಂದಕ್ಕೆ ಪೆಡಲ್ ತುಳಿದರೆ ಚೈನ್ ಕೆಳಗಿನ ಹಲ್ಲಿಗೆ ಬೀಳುವುದು. ಚೈನ್‌ರಿಂಗ್ ಬದಲಾಯಿಸಿಯೂ ಇದನ್ನು ಸರಿ ಮಾಡಬಹುದು. ಸ್ರಾಮ್ ಡೈರೆಕ್ಟ್ ಮೌಂಟ್ (ಕ್ರ್ಯಾಂಕಿಗೆ ನೇರ ಕೂರುವ ರಿಂಗ್) ಆದರೆ ಬೂಸ್ಟಿನ 3 ಮಿ.ಮೀ. ಆಫ್‌ಸೆಟ್ ರಿಂಗ್ ತೆಗೆದು 6 ಮಿ.ಮೀ. ಆಫ್‌ಸೆಟ್ಟಿನದು ಹಾಕಿದರೆ ರಿಂಗ್ 3 ಮಿ.ಮೀ. ಒಳಗೆ ಬರುತ್ತದೆ. ಹಾಗೆ ಮಾಡುವ ಮೊದಲು ರಿಂಗ್ ಚೈನ್‌ಸ್ಟೇಗೆ (ಚೈನಿನ ಪಕ್ಕದ ಫ್ರೇಮ್ ಕೊಳವೆ) ತಾಗುತ್ತದಾ ಅಂತ ನೋಡಲೇಬೇಕು. ಕೆಲವು ಬೂಸ್ಟ್ ಫ್ರೇಮಿನಲ್ಲಿ ಅಷ್ಟು ಜಾಗ ಇರುವುದಿಲ್ಲ.

ಎರಡನೇ ದಾರಿ ನನಗೆ ಇಷ್ಟವಾದದ್ದು. ಬಲಗಡೆಯ ಎಂಡ್ ಕ್ಯಾಪ್ ಹಾಗೇ ಬಿಟ್ಟು, ಪೂರ್ತಿ 6 ಮಿ.ಮೀ. ಎಡಗಡೆ ಮಾತ್ರ ಕೊಡುವುದು. ಆಗ ಕ್ಯಾಸೆಟ್ ಫ್ರೇಮಿಗೆ ಇರಬೇಕಾದ ಜಾಗದಲ್ಲೇ ಇರುತ್ತದೆ. ಡಿಸ್ಕಿಗೆ 6 ಮಿ.ಮೀ. ಸ್ಪೇಸರ್ ಬೇಕು. ರಿಮ್ ಮಾತ್ರ 3 ಮಿ.ಮೀ. ಬಲಕ್ಕೆ ಹೋಗಿರುತ್ತದೆ. ಅದನ್ನು ಕಡ್ಡಿ ಬಿಗಿದು ಸಡಿಲಿಸಿ ಎಡಕ್ಕೆ ತರಬೇಕು. ಕೆಲಸ ಜಾಸ್ತಿ, ಆದರೆ ಚಕ್ರಕ್ಕೆ ಲಾಭವಿದೆ. ಸಾಮಾನ್ಯವಾಗಿ ಹಿಂದಿನ ಚಕ್ರದಲ್ಲಿ ಕ್ಯಾಸೆಟ್ ಕಡೆಯ ಕಡ್ಡಿ ತುಂಬಾ ಬಿಗಿ, ಡಿಸ್ಕ್ ಕಡೆಯದು ಸಡಿಲ. ರಿಮ್ ಎಡಕ್ಕೆ ಬಂದಾಗ ಎರಡು ಕಡೆಯ ಬಿಗಿ ಹತ್ತಿರ ಹತ್ತಿರ ಆಗುತ್ತದೆ. ಚಕ್ರ ಮೊದಲಿಗಿಂತ ಗಟ್ಟಿಯಾಗುತ್ತದೆ.

ಸ್ಪೇಸರ್ ಮತ್ತು ಬೋಲ್ಟ್

ಡಿಸ್ಕ್ ಸ್ಪೇಸರ್ ಆರು ತೂತಿನ ಅಲ್ಯೂಮಿನಿಯಂ ಬಳೆ. ತೂತುಗಳು 44 ಮಿ.ಮೀ. ವ್ಯಾಸದ ವೃತ್ತದ ಮೇಲೆ ಇರುತ್ತವೆ. ಕುಶಾಲನಗರದಲ್ಲಿ ಲೇತ್ ಕೆಲಸದವರು ಇದ್ದಾರೆ, ಮಾಡಿಸಬಹುದು. ಆದರೆ ಸುಮ್ನೆ ಚಪ್ಪಟೆ ಬಳೆ ಮಾಡಿಸಬೇಡಿ. ಹಬ್ಬಿನ ಡಿಸ್ಕ್ ಮುಖದಲ್ಲಿ ಒಂದು ಸಣ್ಣ ಮೆಟ್ಟಿಲು ಇರುತ್ತದೆ, ಬೆರಳಿಗೆ ಸಿಗುತ್ತದೆ. ಡಿಸ್ಕಿನ ನಡುವಿನ ತೂತು ಆ ಮೆಟ್ಟಿಲಿನ ಮೇಲೆ ಕೂತು ಡಿಸ್ಕನ್ನು ನಡುವೆ ಹಿಡಿಯುತ್ತದೆ. ನಡುವೆ 6 ಮಿ.ಮೀ. ಬಳೆ ಬಂದರೆ ಡಿಸ್ಕಿಗೆ ಆ ಮೆಟ್ಟಿಲು ಸಿಗುವುದಿಲ್ಲ. ಆದ್ದರಿಂದ ಬಳೆಯ ಒಂದು ಮುಖದಲ್ಲಿ ಹಬ್ಬಿನ ಮೆಟ್ಟಿಲು ಕೂರುವ ಗುಳಿ ಇರಬೇಕು, ಇನ್ನೊಂದು ಮುಖದಲ್ಲಿ ಡಿಸ್ಕಿಗೆ ಹೊಸ ಮೆಟ್ಟಿಲು ಇರಬೇಕು. ಎರಡು ಮುಖವೂ ಒಂದಕ್ಕೊಂದು ಸಮಾನಾಂತರವಾಗಿರಬೇಕು, ಇಲ್ಲದಿದ್ದರೆ ಡಿಸ್ಕ್ ಓಲಾಡುತ್ತದೆ. ಬ್ರೇಕಿನ ವಿಷಯ ಇದು. ಲೇತಿನವರಿಗೆ ಅಳತೆ ಸರಿಯಾಗಿ ಹೇಳಲು ಬರುವುದಿಲ್ಲ ಅನಿಸಿದರೆ ಕಿಟ್ಟೇ ಕೊಳ್ಳಿ. ನಾವೂ ಡಿಸ್ಕ್ ಸ್ಪೇಸರ್, ಎಂಡ್ ಕ್ಯಾಪ್ ಎರಡನ್ನೂ ಕಿಟ್ಟಿನಿಂದಲೇ ಹಾಕಿದೆವು.

ಬೋಲ್ಟ್ ಎಂ5, ಟಿ25 ಕೀ ಬೇಕು. ಹಳೆ ಬೋಲ್ಟನ್ನು ಮತ್ತೆ ಹಾಕಬೇಡಿ, ಉದ್ದ ಸಾಲುವುದಿಲ್ಲ. ಸ್ಪೇಸರ್ ಎಷ್ಟು ದಪ್ಪವೋ ಬೋಲ್ಟ್ ಅಷ್ಟೇ ಉದ್ದ ಜಾಸ್ತಿ ಬೇಕು: 10 ಮಿ.ಮೀ. ಇದ್ದರೆ 16 ಮಿ.ಮೀ. ತೀರಾ ಉದ್ದವೂ ಆಗಬಾರದು. ತೂತಿನ ತಳಕ್ಕೆ ಬೋಲ್ಟ್ ತಾಗಿ ನಿಂತರೆ ಕೈಗೆ ಬಿಗಿ ಅನಿಸುತ್ತದೆ, ಡಿಸ್ಕ್ ಮಾತ್ರ ಸಡಿಲ ಇರುತ್ತದೆ. ಇದನ್ನು ಹೀಗೆ ಪರೀಕ್ಷಿಸಿ: ಡಿಸ್ಕ್, ಸ್ಪೇಸರ್ ಇಲ್ಲದೆ ಬರಿ ಬೋಲ್ಟನ್ನು ಕೈಯಲ್ಲಿ ತಿರುಗಿಸಿ ಎಷ್ಟು ಆಳ ಹೋಗುತ್ತದೆ ನೋಡಿ. ಸ್ಪೇಸರ್ ಮತ್ತು ಡಿಸ್ಕಿನ ದಪ್ಪ ಕಳೆದ ಮೇಲೆ ಉಳಿಯುವ ಉದ್ದ ಆ ಆಳಕ್ಕಿಂತ ಕಮ್ಮಿ ಇರಬೇಕು. ನೀಲಿ ಥ್ರೆಡ್‌ಲಾಕ್ ಒಂದೊಂದು ತೊಟ್ಟು ಹಾಕಿ, ಎದುರು ಬದುರು ಬೋಲ್ಟುಗಳನ್ನು ಸ್ವಲ್ಪ ಸ್ವಲ್ಪವೇ ಬಿಗಿಯುತ್ತಾ ಬನ್ನಿ. ಎಷ್ಟು ಬಿಗಿಯಬೇಕು ಅಂತ ಡಿಸ್ಕ್ ಕಂಪನಿಯ ಚೀಟಿಯಲ್ಲಿರುತ್ತದೆ.

ಕ್ಯಾಲಿಪರ್ ಜರುಗಿಸಿ ಈ ಸ್ಪೇಸರ್ ತಪ್ಪಿಸಬಹುದಲ್ವಾ ಅಂತ ಕೇಳುವವರಿದ್ದಾರೆ. ಕ್ಯಾಲಿಪರ್ ಬೋಲ್ಟಿನ ಉದ್ದ ತೂತು ಸಣ್ಣ ಹೊಂದಾಣಿಕೆಗೆ ಮಾತ್ರ. ಆರು ಮಿ.ಮೀ. ಅದರಲ್ಲಿ ಸಿಗುವುದಿಲ್ಲ.

ಮೂರು ಲೋಟ ಇಟ್ಟು ರಿಮ್ ನಡುವೆ ತರುವುದು

ಈ ಕೆಲಸಕ್ಕೆ ಡಿಶ್ ಗೇಜ್ ಅಂತ ಉಪಕರಣ ಇದೆ. ನಮಗೆ ಅಡುಗೆಮನೆಯ ಮೂರು ಸ್ಟೀಲ್ ಲೋಟ ಸಾಕು. ಮೂರೂ ಒಂದೇ ಎತ್ತರ ಇರಬೇಕು, ಎಂಡ್ ಕ್ಯಾಪ್ ಮೇಜಿಗೆ ತಾಗದಷ್ಟು ಎತ್ತರವೂ ಇರಬೇಕು.

ಡಿಸ್ಕ್ ಬಿಚ್ಚಿ ಕಾಗದದಲ್ಲಿ ಸುತ್ತಿ ದೂರ ಇಡಿ, ಎಣ್ಣೆ ಕೈ ತಾಗಬಾರದು. ಟೈರ್ ಬಿಚ್ಚಿ. ಹೊಸ ಎಂಡ್ ಕ್ಯಾಪ್ ಹಾಕಿ. ಸಮತಟ್ಟಾದ ಮೇಜಿನ ಮೇಲೆ ಲೋಟಗಳನ್ನು ಬೋರಲು ಹಾಕಿ, ಅವುಗಳ ಮೇಲೆ ರಿಮ್ಮಿನ ಅಂಚು ಕೂರುವ ಹಾಗೆ ಚಕ್ರವನ್ನು ಮಲಗಿಸಿ. ಎಂಡ್ ಕ್ಯಾಪಿನ ತುದಿ ಮೇಜಿನಿಂದ ಎಷ್ಟು ಮೇಲಿದೆ ಅಂತ ವರ್ನಿಯರಿನ ಹಿಂದಿನ ಕಡ್ಡಿಯಿಂದ ಅಳೆಯಿರಿ. ಚಕ್ರ ಮಗುಚಿ ಇನ್ನೊಂದು ಕಡೆ ಅಳೆಯಿರಿ. ರಿಮ್ ನಡುವೆ ಇದ್ದರೆ ಎರಡೂ ಅಳತೆ ಒಂದೇ. ಶುರುವಿನಲ್ಲಿ ಎಡಗಡೆ ಕೆಳಗಿದ್ದಾಗ ಸಂದು 6 ಮಿ.ಮೀ. ಕಮ್ಮಿ ಬರುತ್ತದೆ. ರಿಮ್ ಸರಿಸಬೇಕಾದ್ದು ಅದರ ಅರ್ಧ, ಅಂದರೆ 3 ಮಿ.ಮೀ.

ಹಿಂದಿನ ದಿನವೇ ಪ್ರತಿ ನಿಪ್ಪಲಿನ (ಕಡ್ಡಿಯನ್ನು ರಿಮ್ಮಿಗೆ ಬಿಗಿಯುವ ನಟ್ಟು) ಬುಡಕ್ಕೆ ಒಂದು ತೊಟ್ಟು ಎಣ್ಣೆ ಬಿಡಿ. ನಮ್ಮ ಮಳೆಗೆ ಅಲ್ಯೂಮಿನಿಯಂ ನಿಪ್ಪಲ್ ಹಿಡಿದುಕೊಂಡುಬಿಡುತ್ತದೆ, ಬಲವಂತ ಮಾಡಿದರೆ ನಿಪ್ಪಲಿನ ಮೂಲೆ ಸವೆದು ಕೀ ಜಾರುತ್ತದೆ. ವಾಲ್ವಿನ ತೂತಿನಿಂದ ಶುರು ಮಾಡಿ. ಮೊದಲು ಬಲಗಡೆಯ ಎಲ್ಲ ಕಡ್ಡಿಗಳನ್ನು ಕಾಲು ಸುತ್ತು ಸಡಿಲಿಸಿ. ಆಮೇಲೆ ಎಡಗಡೆಯ ಎಲ್ಲವನ್ನೂ ಕಾಲು ಸುತ್ತು ಬಿಗಿ ಮಾಡಿ. ಟೈರ್ ಕಡೆಯಿಂದ ನೋಡುವಾಗ ಗಡಿಯಾರದ ದಿಕ್ಕಿಗೆ ತಿರುಗಿಸಿದರೆ ಬಿಗಿ ಆಗುತ್ತದೆ. ಮತ್ತೆ ಲೋಟದ ಮೇಲಿಟ್ಟು ಅಳೆಯಿರಿ. ಎರಡು ಅಳತೆ ಒಂದಾಗುವವರೆಗೆ ಹೀಗೇ. 27.5 ಅಥವಾ 29ರ ಚಕ್ರದಲ್ಲಿ 3 ಮಿ.ಮೀ. ಸರಿಸಲು ಒಂದು ನಿಪ್ಪಲಿಗೆ ಒಂದು ಪೂರ್ತಿ ಸುತ್ತು ಕೂಡ ಬೇಕಾಗುವುದಿಲ್ಲ. ಆದ್ದರಿಂದ ಕಡ್ಡಿ ಹೊಸದು ಹಾಕುವ ಅಗತ್ಯವಿಲ್ಲ. ಒಂದು ಸುತ್ತು ದಾಟಿದರೂ ಅಳತೆ ಬರದಿದ್ದರೆ ಎಂಡ್ ಕ್ಯಾಪ್ ಪೂರ್ತಿ ಕೂತಿದೆಯಾ ಅಂತ ನೋಡಿ.

ಅಳತೆ ಬಂದ ಮೇಲೆ ಚಕ್ರವನ್ನು ಫ್ರೇಮಿಗೆ ಹಾಕಿ ತಿರುಗಿಸಿ ಔಟ್ (ರಿಮ್ಮಿನ ಓಲಾಟ) ತೆಗೆಯಿರಿ. ಪಕ್ಕ ಪಕ್ಕದ ಸಮಾನಾಂತರ ಕಡ್ಡಿಗಳನ್ನು ಎರಡೆರಡಾಗಿ ಮುಷ್ಟಿಯಲ್ಲಿ ಹಿಡಿದು ಗಟ್ಟಿಯಾಗಿ ಹಿಸುಕಿ. ಟಿಕ್ ಟಿಕ್ ಅಂತ ಸದ್ದು ಬರಬಹುದು, ಅದು ಕಡ್ಡಿ ತನ್ನ ಜಾಗಕ್ಕೆ ಕೂರುವ ಸದ್ದು. ಮತ್ತೆ ಔಟ್ ನೋಡಿ. ಈ ಹಿಸುಕುವ ಕೆಲಸ ಬಿಟ್ಟರೆ ಮೊದಲ ಇಳಿಜಾರಿನಲ್ಲೇ ರಿಮ್ ಮತ್ತೆ ಓಲಾಡಲು ಶುರು ಮಾಡುತ್ತದೆ.

ಕ್ಯಾನನ್‌ಡೇಲ್‌ನ ಏಐ (ಅಸಿಮೆಟ್ರಿಕ್ ಇಂಟಿಗ್ರೇಷನ್, ಹಿಂಭಾಗ ಬಲಕ್ಕೆ ಸರಿದ) ಫ್ರೇಮ್ ಇರುವವರು ಈ ಲೆಕ್ಕವನ್ನು ಹಾಗೇ ಹಿಡಿಯಬೇಡಿ. ಅದರಲ್ಲಿ ರಿಮ್ಮನ್ನು ಹಬ್ಬಿನ ನಡುವಿನಿಂದ 6 ಮಿ.ಮೀ. ಎಡಕ್ಕೆ ಇಡಬೇಕಾಗುತ್ತದೆ, ಫ್ರೇಮೇ ಹಾಗೆ ಮಾಡಿದ್ದು.

ಮುಂದಿನ ಚಕ್ರ

ಇದು ಸುಲಭ. 15x100 ಹಬ್ಬಿಗೆ ಎರಡು ಕಡೆಯೂ 5 ಮಿ.ಮೀ., ಡಿಸ್ಕಿಗೆ 5 ಮಿ.ಮೀ. ಸ್ಪೇಸರ್, ಉದ್ದ ಬೋಲ್ಟ್. ರಿಮ್ ನಡುವೆಯೇ ಇರುತ್ತದೆ. ಬಿಡಿ ವಾಷರಿಗಿಂತ ಹಬ್ಬಿಗೆ ಕಚ್ಚಿಕೊಳ್ಳುವ ಎಂಡ್ ಕ್ಯಾಪ್ ತೆಗೆದುಕೊಳ್ಳಿ. ತೋಟದ ದಾರಿಯಲ್ಲಿ ಪಂಕ್ಚರ್ ಆಗಿ ಚಕ್ರ ಬಿಚ್ಚಿದಾಗ ಬಿಡಿ ವಾಷರ್ ಕಾಫಿ ಎಲೆಗಳ ನಡುವೆ ಬಿದ್ದರೆ ಸಿಗುವುದಿಲ್ಲ, ಜಿಗಣೆ ಮಾತ್ರ ಸಿಗುತ್ತದೆ.

ಹಳೆ ಫ್ರೀರೈಡ್ ಫೋರ್ಕಿನ 20x110 ಹಬ್ ಇದ್ದವರು 110 ಅಂದರೆ 110 ತಾನೇ ಅಂದುಕೊಳ್ಳಬೇಡಿ. 20ರಿಂದ 15ಕ್ಕೆ ಇಳಿಸುವ ಬುಷ್ ಸಿಗುತ್ತದೆ ನಿಜ. ಆದರೆ ಆ ಹಬ್ಬಿನಲ್ಲಿ ಡಿಸ್ಕ್ ಬೂಸ್ಟಿಗಿಂತ 5 ಮಿ.ಮೀ. ಒಳಗಿರುತ್ತದೆ. ಅದಕ್ಕೂ ಡಿಸ್ಕ್ ಸ್ಪೇಸರ್ ಬೇಕು.

ಉಳಿದ ಸಣ್ಣಪುಟ್ಟವು

ಆಕ್ಸಲ್ ಫ್ರೇಮಿನ ಜೊತೆ ಬಂದದ್ದೇ ಇರಲಿ. 12 ಮಿ.ಮೀ. ಆಕ್ಸಲ್‌ಗಳಲ್ಲಿ 1.0, 1.5, 1.75 ಅಂತ ಮೂರು ಬಗೆಯ ಥ್ರೆಡ್ ಇದೆ. ನೋಡಲು ಒಂದೇ ತರ, ತಪ್ಪಾದದ್ದು ಬಿಗಿದರೆ ಫ್ರೇಮಿನ ಥ್ರೆಡ್ ಹೋಗುತ್ತದೆ.

ಕ್ಯಾಸೆಟ್ ಬಗ್ಗೆ ಚಿಂತೆ ಬೇಡ. ಹಳೆ 9, 10 ಸ್ಪೀಡಿನ ಎಚ್‌ಜಿ (ಶಿಮಾನೊ ಮಾದರಿಯ) ಫ್ರೀಹಬ್ಬಿಗೆ ಶಿಮಾನೊ 11 ಸ್ಪೀಡ್ ಎಂಟಿಬಿ ಕ್ಯಾಸೆಟ್ ಕೂರುತ್ತದೆ. 12 ಸ್ಪೀಡ್ ಬೇಕೆಂದರೆ 11 ಹಲ್ಲಿನಿಂದ ಶುರುವಾಗುವ ಸ್ರಾಮ್ ಎನ್‌ಎಕ್ಸ್ ಈಗಲ್ ಕೂಡ ಕೂರುತ್ತದೆ. 10 ಹಲ್ಲಿನವಕ್ಕೆ ಮಾತ್ರ ಬೇರೆ ಫ್ರೀಹಬ್ ಬೇಕು.

ಡಿಸ್ಕ್ ಬ್ರೇಕಿಗೆ ರಿಮ್ ಸೈಜ್ ಸಂಬಂಧವಿಲ್ಲ, ಆದ್ದರಿಂದ 27.5ರ ಫ್ರೇಮಿಗೆ 26ರ ಚಕ್ರವನ್ನೂ ಹಾಕಬಹುದು. ಟೈರ್ ಕೂರುವ ವ್ಯಾಸ 584 ಇದ್ದದ್ದು 559 ಆಗುತ್ತದೆ, ಸೈಕಲ್ ಸುಮಾರು 12 ಮಿ.ಮೀ. ತಗ್ಗುತ್ತದೆ. ದಪ್ಪ ಟೈರ್ ಹಾಕಿದರೆ ಸ್ವಲ್ಪ ವಾಪಸ್ ಬರುತ್ತದೆ. ಸಿಲ್ವರ್ ಓಕ್ ಬೇರು ಎದ್ದಿರುವ ದಾರಿಯಲ್ಲಿ ಪೆಡಲ್ ತಾಗುವುದು ಜಾಸ್ತಿ ಆಗುತ್ತದೆ, ನೋಡಿಕೊಂಡು ತುಳಿಯಿರಿ. 29ರ ಫ್ರೇಮಿಗೆ 26 ಹಾಕುವುದನ್ನು ನಾನು ಹೇಳುವುದಿಲ್ಲ. ಅಷ್ಟು ತಗ್ಗಿದರೆ ಸೈಕಲಿನ ನಡೆಯೇ ಕೆಡುತ್ತದೆ.

ಹಬ್ ಬಿಚ್ಚಿದ್ದೀರಿ ಅಂದಮೇಲೆ ಬೇರಿಂಗ್ ಕೂಡ ನೋಡಿಬಿಡಿ. ಕಕ್ಕಡ ತಿಂಗಳ ಮಳೆಯಲ್ಲಿ ಒಂದು ಸಲ ಓಡಿಸಿದರೂ ಕೆಂಪು ಕೆಸರು ನೀರು ಸೀಲ್ ದಾಟಿ ಒಳಗೆ ಹೋಗುತ್ತದೆ. ಬೆರಳು ಹಾಕಿ ನಿಧಾನ ತಿರುಗಿಸಿ. ಮರಳು ಮುಟ್ಟಿದ ಹಾಗೆ ತರಿತರಿ ಅನಿಸಿದರೆ ಬದಲಾಯಿಸಿ. ಸೀಲ್ ಮೇಲೆ ನಂಬರ್ ಇರುತ್ತದೆ. 6902 ಅಂದರೆ ಒಳಗೆ 15, ಹೊರಗೆ 28, ದಪ್ಪ 7 ಮಿ.ಮೀ. ಅದೇ ನಂಬರಿನದು, ಎರಡು ಕಡೆ ರಬ್ಬರ್ ಸೀಲಿನ 2ಆರ್‌ಎಸ್ ಅಂತ ಕೇಳಿ. ಸೈಕಲ್ ಅಂಗಡಿಯಲ್ಲಿ ಇಲ್ಲದಿದ್ದರೆ ಪಂಪ್, ಮೋಟರ್ ಬೇರಿಂಗ್ ಮಾರುವ ಅಂಗಡಿಯಲ್ಲಿ ವಿಚಾರಿಸಿ. ಒತ್ತುವಾಗ ಹೊರಗಿನ ಬಳೆಯ ಮೇಲೆ ಮಾತ್ರ ಒತ್ತಡ ಬೀಳಬೇಕು. ಒಳಬಳೆಗೆ ಪೆಟ್ಟು ಬಿದ್ದರೆ ಹೊಸ ಬೇರಿಂಗ್ ಅಲ್ಲಿಯೇ ಹಾಳು.

ಮೊದಲ ಸವಾರಿ ಮನೆಯ ಹತ್ತಿರವೇ ಇರಲಿ. ಇಳಿಜಾರಿನಲ್ಲಿ ಬ್ರೇಕ್ ಕೆಲವು ಸಲ ಗಟ್ಟಿಯಾಗಿ ಹಿಡಿದು, ವಾಪಸ್ ಬಂದು ಡಿಸ್ಕ್ ಬೋಲ್ಟ್, ಆಕ್ಸಲ್, ರಿಮ್ ಔಟ್ ಮೂರನ್ನೂ ನೋಡಿ. ಒಂದು ವಾರದ ನಂತರ ಇನ್ನೊಮ್ಮೆ ನೋಡಿ. ಬಿಚ್ಚಿದ ಹಳೆ ಎಂಡ್ ಕ್ಯಾಪ್, ಹಳೆ ಬೋಲ್ಟ್ ಎಸೆಯಬೇಡಿ. ಒಂದು ಜಿಪ್ ಕವರಿನಲ್ಲಿ ಹಾಕಿ, ಹಬ್ಬಿನ ಹೆಸರು ಮತ್ತು ನೀವು ಬರೆದುಕೊಂಡ ಅಳತೆಯ ಕಾಗದವನ್ನೂ ಅದರಲ್ಲೇ ಇಡಿ. ನಾಳೆ ಈ ಚಕ್ರ 142ರ ಫ್ರೇಮಿಗೆ ವಾಪಸ್ ಹೋಗಬೇಕಾದರೆ ಬೇಕಾಗುವುದು ಅದೇ ಕವರ್.